ಯಾವ ಬ್ರಾಂಚ್ ತೆಗೆದುಕೊಳ್ಳಬೇಕು? ಎಂಜಿನಿಯರಿಂಗ್ ಸೇರುವವರಿಗೆ ಹಂತ ಹಂತದ ಮಾರ್ಗದರ್ಶಿ

ಸಿಇಟಿ ಫಲಿತಾಂಶ ಹೊರಬಿದ್ದ ದಿನದಿಂದ ಸೀಟು ಹಂಚಿಕೆಯ ಕೊನೆಯ ಸುತ್ತು ಮುಗಿಯುವವರೆಗೆ ಓದುಗರು ಕೇಳುವುದು ಬಹುಮಟ್ಟಿಗೆ ಒಂದೇ ಪ್ರಶ್ನೆ: "ಮಗಳಿಗೆ ಇಷ್ಟು ರ‍್ಯಾಂಕ್ ಬಂದಿದೆ, ಯಾವ ಬ್ರಾಂಚ್ ಕೊಡಿಸೋಣ?" ರ‍್ಯಾಂಕ್ ಒಂದನ್ನೇ ನೋಡಿ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಯಾವ ಕಾಲೇಜಿನಲ್ಲಿ ಯಾವ ಸೀಟು ಸಿಗಬಹುದೆಂಬುದನ್ನು ರ‍್ಯಾಂಕ್ ತಿಳಿಸುತ್ತದೆಯೇ ಹೊರತು, ನಾಲ್ಕು ವರ್ಷ ಓದಿದ ಮೇಲೆ ಬದುಕಿನ ಬಹುಭಾಗ ಮಾಡಬೇಕಾದ ಕೆಲಸ ಎಂಥದೆಂಬುದನ್ನು ತಿಳಿಸುವುದಿಲ್ಲ. ಆದ್ದರಿಂದ ಈ ಲೇಖನವು ಎಂಜಿನಿಯರುಗಳ ಕೆಲಸದ ಸ್ವರೂಪದಿಂದ ಆರಂಭಿಸಿ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಆಪ್ಷನ್ ಎಂಟ್ರಿ, ಅಂದರೆ ಇಷ್ಟದ ಕಾಲೇಜು ಮತ್ತು ಬ್ರಾಂಚುಗಳನ್ನು ಕ್ರಮವಾಗಿ ದಾಖಲಿಸುವ ಹಂತದವರೆಗೆ ನಿಮ್ಮನ್ನು ಕರೆದೊಯ್ಯುತ್ತದೆ.

ಕೈಯಲ್ಲಿ ಇರಬೇಕಾದವು ಇಷ್ಟು: ದ್ವಿತೀಯ ಪಿಯುಸಿ ಅಂಕಪಟ್ಟಿ, ಹಿಂದಿನ ಎರಡು ಮೂರು ವರ್ಷಗಳ ಕೆಇಎ ಕಟ್‌ಆಫ್ ಪಟ್ಟಿ (ಪ್ರತಿ ಸೀಟಿಗೂ ಯಾವ ರ‍್ಯಾಂಕಿನವರೆಗೆ ಹಂಚಿಕೆಯಾಯಿತೆಂಬ ವಿವರ), ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಜಾಲತಾಣದಲ್ಲಿ ಸಿಗುವ ಪಠ್ಯಕ್ರಮ, ಮನೆಯವರು ವರ್ಷಕ್ಕೆ ನಿಜವಾಗಿ ಎಷ್ಟು ಶುಲ್ಕ ಕಟ್ಟಬಲ್ಲರೆಂಬ ಲೆಕ್ಕ. ಮೊದಲ ನಾಲ್ಕು ಹಂತಗಳನ್ನು ಫಲಿತಾಂಶ ಬರುವ ಮೊದಲೇ ಮುಗಿಸಿಕೊಳ್ಳುವುದು ಉತ್ತಮ. ಆಪ್ಷನ್ ಎಂಟ್ರಿಗೆ ಸಿಗುವ ಕೆಲವೇ ದಿನಗಳಲ್ಲಿ ಶಾಂತವಾಗಿ ಯೋಚಿಸಲು ಬಿಡುವಿರುವುದಿಲ್ಲ.

ಹಂತ 1: ವೃತ್ತಿಯ ಸ್ವರೂಪವನ್ನು ತಿಳಿದುಕೊಳ್ಳಿ

ಎಂಜಿನಿಯರ್ ಎಂದರೆ ಯಂತ್ರಗಳ ಬಗ್ಗೆ ಗೊತ್ತಿರುವವನು ಎಂಬ ತಿಳಿವಳಿಕೆ ಸಾಲದು. ಕೊಟ್ಟ ಹಣ, ಕೊಟ್ಟ ಕಾಲ, ಸಿಕ್ಕ ಸಾಮಗ್ರಿ ಇವುಗಳ ಮಿತಿಯೊಳಗೆ, ಜನರಿಗೆ ಅಪಾಯವಾಗದಂತೆ ಕೆಲಸ ಮಾಡುವ ಒಂದು ವ್ಯವಸ್ಥೆಯನ್ನು ರೂಪಿಸಿ, ಅದಕ್ಕೆ ಸಹಿ ಹಾಕಿ, ಮುಂದೆ ಏನಾದರೂ ಆದರೆ ಉತ್ತರ ಕೊಡುವುದೇ ಈ ವೃತ್ತಿ.

ತುಂಗಭದ್ರಾ ಅಣೆಕಟ್ಟಿನ ಪ್ರಸಂಗ ಇದಕ್ಕೆ ತಕ್ಕ ಉದಾಹರಣೆ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಆ ಅಣೆಕಟ್ಟಿನ 19ನೆಯ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ಅಣೆಕಟ್ಟಿನ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತು. ಬಿಟ್ಟಷ್ಟೂ ಕಾಲುವೆಯ ಕೊನೆಯ ಭಾಗದ ರೈತರ ಬೆಳೆಗೆ ನೀರು ಕಡಿಮೆಯಾಗುತ್ತಿತ್ತು. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್‌ಲಾಗ್‌ಗಳನ್ನು, ಅಂದರೆ ಗೇಟಿನ ಜಾಗದಲ್ಲಿ ಒಂದರ ಮೇಲೊಂದು ಇಳಿಸುವ ಉಕ್ಕಿನ ಅಡ್ಡತುಂಡುಗಳನ್ನು, ತಯಾರಿಸಿ, ನೀರು ಹರಿಯುತ್ತಿರುವಾಗಲೇ ಕ್ರೇನಿನಿಂದ ಇಳಿಸಿ, ಸುಮಾರು ಒಂದು ವಾರದೊಳಗೆ ಹರಿವನ್ನು ತಡೆಯಲಾಯಿತು. ಆ ವಾರ ಅಲ್ಲಿದ್ದವರಿಗೆ ಪೂರ್ಣ ಮಾಹಿತಿ, ಬೇಕಾದಷ್ಟು ಸಮಯ, ಪ್ರಯೋಗ ಮಾಡಿ ನೋಡುವ ಅವಕಾಶ ಮೂರೂ ಇರಲಿಲ್ಲ. ಅಂಥ ಸ್ಥಿತಿಯಲ್ಲಿ ಲೆಕ್ಕ ಹಾಕಿ ತೀರ್ಮಾನಿಸುವುದು ನಿಮಗೆ ಒಗ್ಗುವ ಕೆಲಸವೇ ಎಂದು ಕೇಳಿಕೊಳ್ಳಿ. ಎಲ್ಲ ಎಂಜಿನಿಯರುಗಳೂ ಒಡೆದ ಗೇಟಿನ ಮುಂದೆ ನಿಲ್ಲುವುದಿಲ್ಲ ನಿಜ. ಆದರೆ ಅರ್ಧ ಮಾಹಿತಿಯಲ್ಲಿ ಜವಾಬ್ದಾರಿಯ ನಿರ್ಧಾರ ಕೈಗೊಳ್ಳುವುದು ಎಲ್ಲ ಬ್ರಾಂಚಿಗೂ ಸಮಾನ.

ಎಚ್ಚರಿಕೆ: "ಗಣಿತ ಚೆನ್ನಾಗಿ ಬರುತ್ತದೆ, ಆದ್ದರಿಂದ ಎಂಜಿನಿಯರಿಂಗ್" ಎಂಬ ತರ್ಕ ಅರ್ಧ ಸರಿ. ಗಣಿತ ಬೇಕು. ಅದರಷ್ಟೇ ಸಮಯವನ್ನು ವರದಿ ಬರೆಯುವುದು, ಎಸ್ಟಿಮೇಟ್ ಮಾಡುವುದು, ಗುತ್ತಿಗೆದಾರರೊಂದಿಗೆ ಅಥವಾ ಗ್ರಾಹಕರೊಂದಿಗೆ ಮಾತನಾಡುವುದು ನುಂಗುತ್ತದೆ. ಗಣಿತವನ್ನು ಗಣಿತಕ್ಕಾಗಿಯೇ ಪ್ರೀತಿಸುವವರು ಬಿ.ಎಸ್ಸಿ. ದಾರಿಯನ್ನೂ ಗಂಭೀರವಾಗಿ ನೋಡಬೇಕು.

ಹಂತ 2: ಕ್ಷೇತ್ರ ಬೇರೆ, ಬ್ರಾಂಚ್ ಬೇರೆ ಎಂಬುದನ್ನು ಮನದಟ್ಟು ಮಾಡಿಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲಿ. ರೈಲು, ಆಸ್ಪತ್ರೆ, ವಿಮಾನ, ಕೃಷಿ, ವಿದ್ಯುತ್ ಇವು ಕ್ಷೇತ್ರಗಳು. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಇವು ಬ್ರಾಂಚುಗಳು. ಒಂದೊಂದು ಕ್ಷೇತ್ರಕ್ಕೂ ಹಲವು ಬ್ರಾಂಚಿನವರು ಬೇಕು.

ಬೆಂಗಳೂರಿನ ನಮ್ಮ ಮೆಟ್ರೊ 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಮೊದಲ ಬಾರಿ ಓಡಿತು. ಅದರ ಎತ್ತರಿಸಿದ ಮಾರ್ಗದ ಕಂಬಗಳೂ ಸುರಂಗಗಳೂ ಸಿವಿಲ್ ಎಂಜಿನಿಯರುಗಳ ಕೆಲಸ. ನೇರಳೆ ಮತ್ತು ಹಸಿರು ಮಾರ್ಗಗಳಲ್ಲಿ ಹಳಿಯ ಪಕ್ಕದ ಮೂರನೆಯ ಹಳಿಯಲ್ಲಿ ಹರಿಯುವ 750 ವೋಲ್ಟ್ ನೇರ ವಿದ್ಯುತ್ತು, ಅದಕ್ಕೆ ಬೇಕಾದ ಉಪಕೇಂದ್ರಗಳು ಎಲೆಕ್ಟ್ರಿಕಲ್‌ನವರ ಹೊಣೆ. ಬೋಗಿ, ಬ್ರೇಕ್, ಬಾಗಿಲುಗಳನ್ನು ಮೆಕ್ಯಾನಿಕಲ್‌ನವರು ನೋಡಿಕೊಳ್ಳುತ್ತಾರೆ. ಎರಡು ರೈಲುಗಳ ನಡುವೆ ಸುರಕ್ಷಿತ ಅಂತರ ಕಾಯುವ ಸಿಗ್ನಲಿಂಗ್ ವ್ಯವಸ್ಥೆಯ ಹಿಂದೆ ಎಲೆಕ್ಟ್ರಾನಿಕ್ಸ್ ಮತ್ತು ಸಾಫ್ಟ್‌ವೇರ್ ಇವೆ. ಹೀಗಿರುವಾಗ "ನನಗೆ ರೈಲು ಇಷ್ಟ, ಯಾವ ಬ್ರಾಂಚ್ ಸೇರಲಿ?" ಎಂಬುದಕ್ಕೆ ಒಂದೇ ಉತ್ತರವಿಲ್ಲ, ರೈಲಿನ ಯಾವ ಭಾಗ ಇಷ್ಟವೆಂದು ಕೇಳಬೇಕು.

ಕಾಗದದ ಮೇಲೆ ಎರಡು ಪಟ್ಟಿ ಮಾಡಿ. ಎಡಗಡೆ ನಿಮಗೆ ಆಸಕ್ತಿಯಿರುವ ಮೂರು ಕ್ಷೇತ್ರಗಳನ್ನು ಬರೆಯಿರಿ. ಬಲಗಡೆ ಪ್ರತಿ ಕ್ಷೇತ್ರದಲ್ಲಿ ಯಾವ ಯಾವ ಬ್ರಾಂಚಿನವರು ಏನು ಮಾಡುತ್ತಾರೆಂದು ಹುಡುಕಿ ಬರೆಯಿರಿ. ಮೂರರಲ್ಲೂ ಮತ್ತೆ ಮತ್ತೆ ಕಾಣುವ ಬ್ರಾಂಚ್ ಯಾವುದೆಂದು ಗಮನಿಸಿ.

ಎಚ್ಚರಿಕೆ: ಕ್ಷೇತ್ರದ ಹೆಸರನ್ನೇ ಹೊತ್ತ ಬ್ರಾಂಚ್ ಆ ಕ್ಷೇತ್ರದ ಏಕೈಕ ಬಾಗಿಲು ಎಂದು ಭಾವಿಸಬೇಡಿ. ಇಸ್ರೊ ಕನಸಿರುವವರು ಏರೋಸ್ಪೇಸ್ ಸೀಟನ್ನೇ ಹುಡುಕುತ್ತಾರೆ; ಆದರೆ ಇಸ್ರೊ ತನ್ನ ಸೈಂಟಿಸ್ಟ್/ಎಂಜಿನಿಯರ್ ಹುದ್ದೆಗಳಿಗೆ ಹೊರಡಿಸುವ ಪ್ರಕಟಣೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ಮತ್ತು ಕಂಪ್ಯೂಟರ್ ಸೈನ್ಸ್. ಪದವಿಯಲ್ಲಿ ವಿಶಾಲವಾದ ಬ್ರಾಂಚ್ ಓದಿ, ಸ್ನಾತಕೋತ್ತರದಲ್ಲಿ ಕಿರಿದಾದ ವಿಷಯಕ್ಕೆ ಇಳಿಯುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ಸುರಕ್ಷಿತ.

ಹಂತ 3: ಪ್ರತಿ ಬ್ರಾಂಚಿನ ದಿನಚರಿಯನ್ನು ನೋಡಿ

ಬಯಲಿನಲ್ಲಿ ಕೆಲಸವೋ ಮೇಜಿನ ಮುಂದೋ, ಊರೂರಿಗೆ ವರ್ಗಾವಣೆಯೋ ಒಂದೇ ನಗರವೋ, ತಪ್ಪಾದರೆ ತಿದ್ದಬಹುದೋ ಇಲ್ಲವೋ: ಈ ಮೂರು ಪ್ರಶ್ನೆಗಳನ್ನು ಪ್ರತಿ ಬ್ರಾಂಚಿಗೂ ಹಾಕಿ ನೋಡಿ.

ಸಿವಿಲ್. ಕಾಂಕ್ರೀಟ್ ಹಾಕುವ ದಿನ ಸೈಟ್ ಎಂಜಿನಿಯರಿನ ಕೆಲಸ ಬೆಳಗ್ಗೆ ಬೇಗ ಆರಂಭವಾಗುತ್ತದೆ. ಶಟ್ಟರಿಂಗ್ (ಹಸಿ ಕಾಂಕ್ರೀಟನ್ನು ಹಿಡಿದಿಡುವ ಅಚ್ಚು) ಗಟ್ಟಿಯಾಗಿದೆಯೇ, ಕಂಬಿಗಳ ಅಂತರ ನಕ್ಷೆಯಲ್ಲಿರುವಂತೆಯೇ ಇದೆಯೇ, ಕಂಬಿ ಅಚ್ಚಿಗೆ ತಾಗದಂತೆ ಕೆಳಗೆ ಕವರ್ ಬ್ಲಾಕ್ ಎಂಬ ಚಿಕ್ಕ ತುಂಡು ಇಟ್ಟಿದ್ದಾರೆಯೇ ಎಂದು ನೋಡಬೇಕು. ಮಿಕ್ಸರ್ ಲಾರಿ ಬಂದೊಡನೆ ಸ್ಲಂಪ್ ಪರೀಕ್ಷೆ: 30 ಸೆಂಟಿಮೀಟರ್ ಎತ್ತರದ ಲೋಹದ ಶಂಕುವಿಗೆ ಕಾಂಕ್ರೀಟ್ ತುಂಬಿ, ಶಂಕುವನ್ನು ಮೇಲೆತ್ತಿ, ಗುಡ್ಡೆ ಎಷ್ಟು ಕುಸಿಯಿತೆಂದು ಅಳೆಯುತ್ತಾರೆ. ಬೇಗ ಮುಗಿಸುವ ಆತುರದಲ್ಲಿ ಯಾರಾದರೂ ಪೈಪಿನಿಂದ ನೀರು ಬೆರೆಸಿದರೆ ಅದನ್ನು ಅಲ್ಲೇ ತಡೆಯುವ ಧೈರ್ಯ ಬೇಕು; ಮೇಸ್ತ್ರಿ ವಯಸ್ಸಿನಲ್ಲೂ ಅನುಭವದಲ್ಲೂ ನಿಮಗಿಂತ ಹಿರಿಯರಾಗಿರುತ್ತಾರೆ ಎಂಬುದನ್ನೂ ನೆನಪಿಡಿ. ಅದೇ ಕಾಂಕ್ರೀಟಿನಿಂದ 150 ಮಿಲಿಮೀಟರ್ ಅಳತೆಯ ಘನಾಕೃತಿಗಳನ್ನು ಎರಕ ಹೊಯ್ದು, ನೀರಿನಲ್ಲಿಟ್ಟು, 28 ದಿನಗಳ ನಂತರ ಒತ್ತಿ ಒಡೆದು ಬಲ ನೋಡುತ್ತಾರೆ. ಎಂ25 ಎಂಬ ದರ್ಜೆಯ ಅರ್ಥ ಆ ವಯಸ್ಸಿನಲ್ಲಿ ಚದರ ಮಿಲಿಮೀಟರಿಗೆ 25 ನ್ಯೂಟನ್ ಬಲ ತಡೆಯಬೇಕು ಎಂದು. ಫಲಿತಾಂಶ ಬರುವ ಹೊತ್ತಿಗೆ ಮೇಲಿನ ಅಂತಸ್ತು ಎದ್ದಿರುತ್ತದೆ, ತಪ್ಪಾಗಿದ್ದರೆ ತಿದ್ದುವುದು ಬಲು ಕಷ್ಟ. ಲೋಕೋಪಯೋಗಿ, ನೀರಾವರಿ, ಪಂಚಾಯತ್ ರಾಜ್ ಇಲಾಖೆಗಳಲ್ಲಿ ಸೇರಿದವರಿಗೆ ಇದರ ಜೊತೆಗೆ ಟೆಂಡರ್, ಅಳತೆ ಪುಸ್ತಕ, ಬಿಲ್ಲು, ಸ್ಥಳೀಯ ಒತ್ತಡಗಳೂ ಇರುತ್ತವೆ. ಆರಂಭದ ಸಂಬಳ ಖಾಸಗಿಯಲ್ಲಿ ಹೆಚ್ಚಿರುವುದಿಲ್ಲ.

ಎಲೆಕ್ಟ್ರಿಕಲ್. ವಿದ್ಯುತ್ ಉತ್ಪಾದನೆ, ಸಾಗಣೆ, ವಿತರಣೆ ಎಂದು ಮೂರು ಭಾಗ. ಕರ್ನಾಟಕದಲ್ಲಿ ಉತ್ಪಾದನೆಯ ಕೆಲಸವೇ ಎಷ್ಟು ಬಗೆಯದೆಂದರೆ, ಶರಾವತಿಯ ಜಲವಿದ್ಯುತ್, ರಾಯಚೂರಿನ ಕಲ್ಲಿದ್ದಲು ಸ್ಥಾವರ, ಕೈಗಾದ ಅಣು ವಿದ್ಯುತ್, ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್ ಎಲ್ಲವೂ ಇಲ್ಲಿವೆ. ವಿತರಣೆಯಲ್ಲಿ ಕೆಲಸ ಮಾಡುವ ಶಾಖಾಧಿಕಾರಿಯ ದಿನದ ಅತಿ ಮುಖ್ಯ ಶಬ್ದ 'ಎಲ್‌ಸಿ', ಅಂದರೆ ಲೈನ್ ಕ್ಲಿಯರ್, ವಿದ್ಯುತ್ ನಿಲ್ಲಿಸಿ ಕೆಲಸ ಮಾಡಲು ಕೊಡುವ ಅನುಮತಿ. ಲೈನ್‌ಮ್ಯಾನ್ ಕಂಬ ಹತ್ತುವ ಮೊದಲು ಉಪಕೇಂದ್ರದಿಂದ ಎಲ್‌ಸಿ ಪಡೆದು, ಆ ಫೀಡರ್ (ಉಪಕೇಂದ್ರದಿಂದ ಹೊರಡುವ ವಿದ್ಯುತ್ ಮಾರ್ಗ) ಆಫ್ ಆಗಿದೆಯೆಂದು ಖಚಿತಪಡಿಸಿಕೊಂಡು, ಕೆಲಸದ ಜಾಗದ ಎರಡೂ ಬದಿ ಅರ್ಥಿಂಗ್ ಹಾಕಬೇಕು; ಎಲ್ಲರೂ ಕೆಳಗಿಳಿದರೆಂದು ಎಣಿಸಿ ನೋಡಿದ ಮೇಲೆಯೇ ಎಲ್‌ಸಿ ಹಿಂತಿರುಗಿಸಬೇಕು. ಮಳೆಗಾಲದ ರಾತ್ರಿ, ಊರಿಡೀ ಕತ್ತಲೆಯಲ್ಲಿದ್ದು ಫೋನು ಬಿಡುವಿಲ್ಲದೆ ಬಡಿದುಕೊಳ್ಳುವಾಗ ಈ ಕ್ರಮದಲ್ಲಿ ಒಂದನ್ನೂ ಬಿಡದಿರುವ ಶಿಸ್ತು ನಿಮ್ಮಲ್ಲಿದೆಯೇ? ಇದ್ದರೆ ಈ ಬ್ರಾಂಚ್ ನಿಮಗೆ ಒಲಿಯುತ್ತದೆ.

ಮೆಕ್ಯಾನಿಕಲ್. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಒಂದು ಗಂಟೆ ನಿಂತು ನೋಡಿದರೂ ಸಾಕು, ಈ ವಿದ್ಯೆಯ ತಿರುಳು ಟಾಲರೆನ್ಸ್ ಎಂಬುದು ತಿಳಿಯುತ್ತದೆ: ಒಂದು ಭಾಗದ ಅಳತೆ ಎಷ್ಟು ಹೆಚ್ಚು ಕಡಿಮೆಯಾದರೂ ನಡೆಯುತ್ತದೆ ಎಂಬ ಮಿತಿ. ನಕ್ಷೆಯಲ್ಲಿ ಮಿಲಿಮೀಟರಿನ ನೂರರಲ್ಲಿ ಎರಡು ಪಾಲಿನಷ್ಟೇ ಸಡಿಲಿಕೆ ಇದ್ದು, ಅಳತೆ ಮೂರು ಪಾಲು ತಪ್ಪಿದರೆ ಹಾಗೆ ತಯಾರಾದ ಇಡೀ ಕಂತು ತಿರಸ್ಕೃತ. ವಿನ್ಯಾಸ, ಉತ್ಪಾದನೆ, ಗುಣಮಟ್ಟ ಪರೀಕ್ಷೆ, ನಿರ್ವಹಣೆ ಎಂದು ಕೆಲಸಗಳು ಕವಲೊಡೆಯುತ್ತವೆ. ಮೊದಲ ಕೆಲವು ವರ್ಷ ಶಿಫ್ಟ್ ಕೆಲಸ ತಪ್ಪುವುದು ಅಪರೂಪ.

ಎಲೆಕ್ಟ್ರಾನಿಕ್ಸ್‌ನಲ್ಲಿ ಚಿಪ್ ವಿನ್ಯಾಸ, ಎಂಬೆಡೆಡ್ (ಉಪಕರಣದೊಳಗೇ ಕುಳಿತ ಚಿಕ್ಕ ಕಂಪ್ಯೂಟರಿಗೆ ಬರೆಯುವ ಪ್ರೋಗ್ರಾಂ), ಸಂವಹನ ಎಂಬ ದಾರಿಗಳಿವೆ. ಒಳ್ಳೆಯ ಚಿಪ್ ವಿನ್ಯಾಸದ ಕೆಲಸಕ್ಕೆ ಎಂ.ಟೆಕ್. ಮಾಡಿದವರಿಗೆ ಅನುಕೂಲ ಹೆಚ್ಚು.

ಕಂಪ್ಯೂಟರ್ ಸೈನ್ಸ್ ಬಗ್ಗೆ ಹೇಳಬೇಕಾದ್ದು ಒಂದಿಷ್ಟಿದೆ, ಏಕೆಂದರೆ ಎಲ್ಲರ ಮೊದಲ ಆಯ್ಕೆ ಇದೇ. ಹೊಸ ಆ್ಯಪ್ ಕಟ್ಟುವುದಕ್ಕಿಂತ ಬೇರೆಯವರು ಬರೆದ ಹಳೆಯ ಕೋಡನ್ನು ಓದಿ, ಮುರಿಯದಂತೆ ಬದಲಾಯಿಸುವುದರಲ್ಲಿ ಹೆಚ್ಚು ಕಾಲ ಹೋಗುತ್ತದೆ. ಕಲಿತದ್ದು ಬೇಗ ಹಳತಾಗುತ್ತದೆ. ತಾನಾಗಿ ಪ್ರೋಗ್ರಾಮಿಂಗ್ ಮಾಡಿ ನೋಡಿ, ತಪ್ಪು ಹುಡುಕುತ್ತಾ ಗಂಟೆಗಟ್ಟಲೆ ಕುಳಿತು ಬೇಸರಪಡದವರಿಗೆ ಇದು ಸಮೃದ್ಧ ವೃತ್ತಿ. ಪಕ್ಕದ ಮನೆಯವರು ಸೇರಿದರೆಂದು ಸೇರಿದವರಿಗೆ ಬಲು ದೀರ್ಘ ಶಿಕ್ಷೆ. ಇಷ್ಟು ಮಾತ್ರ ಗಮನದಲ್ಲಿರಲಿ: ಅನೇಕ ಸಾಫ್ಟ್‌ವೇರ್ ಕಂಪನಿಗಳು ಬೇರೆ ಬ್ರಾಂಚಿನವರನ್ನೂ ತೆಗೆದುಕೊಳ್ಳುತ್ತವೆ, ಆದರೆ ಕಂಪ್ಯೂಟರ್ ಸೈನ್ಸ್ ಓದಿದವರು ಲೋಕೋಪಯೋಗಿ ಇಲಾಖೆಯ ಸಿವಿಲ್ ಹುದ್ದೆಗೆ ಅರ್ಜಿ ಹಾಕಲು ಬರುವುದಿಲ್ಲ. ಸೇತುವೆ, ಅಣೆಕಟ್ಟು, ವಿದ್ಯುತ್ ಜಾಲ ಇವುಗಳ ಕಡೆಗೆ ನಿಜವಾದ ಒಲವಿದ್ದವರು ಆ ಬಾಗಿಲನ್ನು ಮೊದಲೇ ಮುಚ್ಚಿಕೊಳ್ಳಬಾರದು.

ಕೆಮಿಕಲ್ ಎಂಜಿನಿಯರುಗಳನ್ನು ಮಂಗಳೂರಿನ ತೈಲ ಶುದ್ಧೀಕರಣ ಘಟಕ, ಕಲಬುರಗಿ ಸುತ್ತಲಿನ ಸಿಮೆಂಟ್ ಕಾರ್ಖಾನೆಗಳು, ಔಷಧ ಕಂಪನಿಗಳಲ್ಲಿ ಕಾಣಬಹುದು. ಜವಳಿ, ಗಣಿ, ಬಯೋಮೆಡಿಕಲ್ ಬ್ರಾಂಚುಗಳಲ್ಲಿ ಸೀಟು ಕಡಿಮೆ, ಕೆಲಸದ ಜಾಗಗಳೂ ಬೆರಳೆಣಿಕೆಯ ಪ್ರದೇಶಗಳಿಗೆ ಸೀಮಿತ; ಆ ಪ್ರದೇಶಕ್ಕೆ ಹೋಗಲು ಸಿದ್ಧರಿದ್ದರಷ್ಟೇ ಆರಿಸಿ. ಕೃಷಿ ಕುಟುಂಬದ ಮಕ್ಕಳು ಕೃಷಿ ವಿಶ್ವವಿದ್ಯಾಲಯಗಳ ಕೃಷಿ ಎಂಜಿನಿಯರಿಂಗ್ ಮತ್ತು ಆಹಾರ ತಂತ್ರಜ್ಞಾನ ಬಿ.ಟೆಕ್. ಕೋರ್ಸುಗಳನ್ನು ಪಟ್ಟಿಯಿಂದ ಸುಮ್ಮನೆ ಹೊಡೆದುಹಾಕುತ್ತಾರೆ. ನೀರು, ಯಂತ್ರ, ಸಂಸ್ಕರಣೆ ಮೂರನ್ನೂ ಒಟ್ಟಿಗೆ ಕಲಿಸುವ ಈ ಪದವಿಗಳು ಇನ್ನಷ್ಟು ಗಮನಕ್ಕೆ ಅರ್ಹವೆಂದು ನನಗನಿಸುತ್ತದೆ.

ಹಂತ 4: ಕೆಲಸ ನಡೆಯುವ ಜಾಗಕ್ಕೆ ಹೋಗಿ ಬನ್ನಿ

ಪಟ್ಟಿಯಲ್ಲಿ ಉಳಿದ ಎರಡು ಅಥವಾ ಮೂರು ಬ್ರಾಂಚುಗಳಲ್ಲಿ ಕೆಲಸ ಮಾಡುವ ಒಬ್ಬೊಬ್ಬರನ್ನಾದರೂ ಭೇಟಿಯಾಗಿ. ನೆಂಟರಲ್ಲಿ, ಬೀದಿಯಲ್ಲಿ, ನಿಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಸಿಗುತ್ತಾರೆ. ನಿವೃತ್ತರಿಗಿಂತ ಐದಾರು ವರ್ಷ ಅನುಭವವಿರುವವರ ಮಾತು ಹೆಚ್ಚು ಉಪಯುಕ್ತ. ಅವರಿಗೆ ಆರಂಭದ ಕಷ್ಟ ಇನ್ನೂ ನೆನಪಿರುತ್ತದೆ. "ಸ್ಕೋಪ್ ಹೇಗಿದೆ ಸರ್?" ಎಂದು ಕೇಳಿದರೆ ಸಿಗುವ ಉತ್ತರದಿಂದ ಪ್ರಯೋಜನವಿಲ್ಲ. ಬದಲಿಗೆ ನಿನ್ನೆ ಇಡೀ ದಿನ ಏನು ಮಾಡಿದಿರಿ, ಕೊನೆಯ ಬಾರಿ ಏನು ಕೆಟ್ಟಿತು, ಅದನ್ನು ಹೇಗೆ ಸರಿಪಡಿಸಿದಿರಿ, ನಿಮ್ಮ ಜೊತೆ ಓದಿದವರು ಈಗ ಎಲ್ಲಿದ್ದಾರೆ ಎಂದು ಕೇಳಿ.

ಹೆಣ್ಣುಮಕ್ಕಳಿಗೆ "ಸೈಟ್ ಕೆಲಸ ಆಗದು" ಎಂದು ಹೇಳುವವರು ಇನ್ನೂ ಇದ್ದಾರೆ. ಆ ಮಾತನ್ನು ಸೈಟಿನಲ್ಲಿ ಕೆಲಸ ಮಾಡುವ ಮಹಿಳಾ ಎಂಜಿನಿಯರಿನ ಬಾಯಿಂದ ಕೇಳದ ಹೊರತು ಒಪ್ಪಬೇಡಿ. ವಸತಿ, ಶೌಚಾಲಯ, ರಾತ್ರಿ ಪ್ರಯಾಣದ ವ್ಯವಸ್ಥೆ ಕುರಿತು ಅವರು ಕೊಡುವ ವಿವರ ಉಳಿದ ಯಾರ ಸಲಹೆಗಿಂತಲೂ ಬೆಲೆಯುಳ್ಳದ್ದು.

ಹಂತ 5: ಕಾಲೇಜು ಮತ್ತು ಪಠ್ಯಕ್ರಮವನ್ನು ಪರಿಶೀಲಿಸಿ

ಈಗ ಕೃತಕ ಬುದ್ಧಿಮತ್ತೆ, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಮುಂತಾದ ಹೆಸರಿನ ಹಲವು ಕೋರ್ಸುಗಳಿವೆ. ಹೆಸರನ್ನು ಬದಿಗಿಟ್ಟು ಮೂರನೆಯ ಸೆಮಿಸ್ಟರಿನಿಂದ ಆರನೆಯದರವರೆಗಿನ ವಿಷಯಪಟ್ಟಿಯನ್ನು ಮೂಲ ಕಂಪ್ಯೂಟರ್ ಸೈನ್ಸ್ ಪಟ್ಟಿಯ ಪಕ್ಕದಲ್ಲಿಟ್ಟು ಓದಿ. ಬಹುಪಾಲು ವಿಷಯಗಳು ಒಂದೇ ಆಗಿದ್ದರೆ, ಹೆಸರಿಗಾಗಿ ಹೆಚ್ಚು ಶುಲ್ಕ ಕೊಡುವ ಅಗತ್ಯವಿಲ್ಲ.

ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ಅನುಮೋದನೆ ಇದೆಯೇ ಎಂದು ನೋಡಿ. ಅದು ಕನಿಷ್ಠ ಅರ್ಹತೆ. ನಂತರ ರಾಷ್ಟ್ರೀಯ ಮಾನ್ಯತಾ ಮಂಡಳಿಯ (ಎನ್‌ಬಿಎ) ಮಾನ್ಯತೆ. ಇದು ಕಾಲೇಜಿಗಲ್ಲ, ಒಂದೊಂದು ಕೋರ್ಸಿಗೆ ಪ್ರತ್ಯೇಕವಾಗಿ, ನಿಗದಿತ ಅವಧಿಗೆ ಸಿಗುವಂಥದು. ಕಾಲೇಜಿನ ಕಮಾನಿನ ಮೇಲೆ "ಎನ್‌ಬಿಎ ಮಾನ್ಯತೆ ಪಡೆದ" ಎಂದು ಬರೆದಿದ್ದರೂ ನೀವು ಸೇರುವ ಕೋರ್ಸಿಗೆ ಅದು ಇಲ್ಲದಿರಬಹುದು, ಅವಧಿ ಮುಗಿದಿರಬಹುದು. ಭಾರತವು 2014ರಲ್ಲಿ ವಾಷಿಂಗ್ಟನ್ ಒಪ್ಪಂದದ (ಎಂಜಿನಿಯರಿಂಗ್ ಪದವಿಗಳನ್ನು ಪರಸ್ಪರ ಮಾನ್ಯ ಮಾಡುವ ದೇಶಗಳ ಒಡಂಬಡಿಕೆ) ಪೂರ್ಣ ಸದಸ್ಯನಾಗಿರುವುದರಿಂದ, ಮುಂದೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾದಂಥ ದೇಶಗಳಲ್ಲಿ ವೃತ್ತಿ ನೋಂದಣಿ ಬಯಸುವವರಿಗೆ ಎನ್‌ಬಿಎ ಟಯರ್-1 ಮಾನ್ಯತೆ (ಸ್ವಾಯತ್ತ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಕೋರ್ಸುಗಳಿಗೆ ಸಿಗುವ ಬಗೆ) ಉಪಯೋಗಕ್ಕೆ ಬರುತ್ತದೆ.

ಎಚ್ಚರಿಕೆ: ಪ್ಲೇಸ್‌ಮೆಂಟ್ ಫಲಕದ ಮೇಲಿನ ಅತಿ ಹೆಚ್ಚು ಸಂಬಳ ಒಬ್ಬರದು. ಸರಾಸರಿಯೂ ಆ ಒಬ್ಬರಿಂದ ಮೇಲಕ್ಕೇರಿರುತ್ತದೆ. ನಿಮ್ಮ ಬ್ರಾಂಚಿನಲ್ಲಿ ಎಷ್ಟು ಮಂದಿ ಓದಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಮಧ್ಯದವರಿಗೆ ಸಿಕ್ಕಿದ್ದೆಷ್ಟು ಎಂದು ಕೇಳಿ. ಒಬ್ಬನಿಗೇ ಮೂರು ಕಂಪನಿಗಳ ಆಫರ್ ಬಂದಿದ್ದನ್ನು ಮೂವರಿಗೆ ಕೆಲಸ ಸಿಕ್ಕಿತೆಂದು ಲೆಕ್ಕ ಹಾಕುವುದೂ ಉಂಟು.

ಹಂತ 6: ಆಪ್ಷನ್ ಎಂಟ್ರಿ

ದಾಖಲೆಗಳಿಂದ ಆರಂಭಿಸಿ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆ (ಪ್ರಮಾಣಪತ್ರದ ಗುರುತು ಸಂಖ್ಯೆ), ಗ್ರಾಮೀಣ ಅಥವಾ ಕನ್ನಡ ಮಾಧ್ಯಮ ಮೀಸಲಾತಿ ಕೇಳುವವರಿಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿಯುಳ್ಳ ವ್ಯಾಸಂಗ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಪ್ರಮಾಣಪತ್ರ ಇವನ್ನು ಮೊದಲೇ ಸಿದ್ಧಪಡಿಸಿ. ಅರ್ಜಿಯಲ್ಲೇ ಕೇಳದ ಮೀಸಲಾತಿಯನ್ನು ಆಮೇಲೆ ಪಡೆಯುವುದು ಬಹಳ ಕಷ್ಟ.

ಹಂಚಿಕೆ ನಡೆಯುವುದು ಹೀಗೆ: ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿನಿಂದ ಕೆಳಗೆ ನೋಡುತ್ತಾ, ಅವರಿಗೆ ಅರ್ಹತೆಯಿದ್ದು ಇನ್ನೂ ಖಾಲಿಯಿರುವ ಮೊದಲ ಸೀಟನ್ನು ಕೊಡಲಾಗುತ್ತದೆ. ಆದ್ದರಿಂದ ಸಿಗುವುದಿಲ್ಲವೆಂದು ತೋರುವ ಸೀಟನ್ನು ಮೊದಲಿಗೆ ಬರೆದರೂ ನಷ್ಟವಿಲ್ಲ; ಅದು ಸಿಗದಿದ್ದರೆ ಮುಂದಿನದನ್ನು ನೋಡುತ್ತಾರೆ, ನಿಮ್ಮ ಸರದಿ ಹಿಂದಕ್ಕೆ ಹೋಗುವುದಿಲ್ಲ. ನಿಜವಾದ ಇಷ್ಟದ ಕ್ರಮದಲ್ಲೇ ಬರೆಯಿರಿ. ಮೊದಲು ಕನಸಿನವು, ಅನಂತರ ಕಟ್‌ಆಫ್ ಪ್ರಕಾರ ಸಿಗುವ ಸಾಧ್ಯತೆಯಿರುವವು, ಕೊನೆಗೆ ಖಂಡಿತ ಸಿಗುವಂಥವು. ಸಿಕ್ಕರೂ ಸೇರುವುದಿಲ್ಲವೆಂಬ ಸೀಟನ್ನು ಮಾತ್ರ ಎಲ್ಲಿಯೂ ಬರೆಯಬೇಡಿ. ಸೈಬರ್ ಕೇಂದ್ರದವರು ಪಟ್ಟಿ ತುಂಬಿಕೊಟ್ಟರೆ, ಕಾಲೇಜು ಸಂಕೇತಗಳನ್ನು ನೀವೇ ಒಂದೊಂದಾಗಿ ಸರಿನೋಡಿ. ಒಂದೇ ಬಗೆಯ ಹೆಸರಿನ ಕಾಲೇಜುಗಳು ಎಷ್ಟೋ ಇವೆ. ನಿಜವಾದ ಹಂಚಿಕೆಗೆ ಮೊದಲು ತಾಲೀಮಿನಂತೆ ನಡೆಸುವ ಅಣಕು ಹಂಚಿಕೆಯ ಫಲಿತಾಂಶ ನೋಡಿ ಗಾಬರಿಯಾಗಿ ಇಡೀ ಪಟ್ಟಿಯನ್ನು ತಲೆಕೆಳಗು ಮಾಡಬೇಡಿ.

ಹಂತ 7: ಸೀಟು ಬಂದ ಮೇಲಿನ ನಾಲ್ಕು ಆಯ್ಕೆಗಳು

ಆಯ್ಕೆ 1 ಎಂದರೆ ಸೀಟು ಒಪ್ಪಿ ಕಾಲೇಜಿಗೆ ಸೇರುವುದು. ಆಯ್ಕೆ 2 ಎಂದರೆ ಇದನ್ನು ಹಿಡಿದುಕೊಂಡು, ಪಟ್ಟಿಯಲ್ಲಿ ಇದಕ್ಕಿಂತ ಮೇಲಿರುವವುಗಳಿಗಾಗಿ ಮುಂದಿನ ಸುತ್ತಿನಲ್ಲಿ ಕಾಯುವುದು. ಮೇಲಿನದು ಸಿಕ್ಕರೆ ಹಳೆಯದು ತಾನಾಗಿ ಕೈಬಿಡುತ್ತದೆ, ಮರಳಿ ಕೇಳುವಂತಿಲ್ಲ. ಆಯ್ಕೆ 3 ಎಂದರೆ ಈ ಸೀಟು ಬೇಡ, ಮುಂದಿನ ಸುತ್ತು ಬೇಕು. ಆಯ್ಕೆ 4 ಎಂದರೆ ಪ್ರಕ್ರಿಯೆಯಿಂದಲೇ ಹೊರಗೆ. ಆಯ್ಕೆ 3ರಲ್ಲಿ ಕೈಯಲ್ಲಿದ್ದ ಸೀಟನ್ನು ಕಳೆದುಕೊಂಡು ಮುಂದೆ ಏನೂ ಸಿಗದೆ ಹೋಗುವ ಸಂಭವವಿದೆ, ಆದ್ದರಿಂದ ಬೇರೆ ದಾರಿ ಖಚಿತವಿರುವವರಿಗೆ ಮಾತ್ರ ಅದು ತಕ್ಕುದು. ಶುಲ್ಕ ಪಾವತಿಯ ನಿಯಮ ಮತ್ತು ದಿನಾಂಕಗಳನ್ನು ಆ ವರ್ಷದ ಕೆಇಎ ಪ್ರಕಟಣೆಯಲ್ಲೇ ಓದಿ. ಕಳೆದ ವರ್ಷ ಸೇರಿದ ಅಣ್ಣನ ಅನುಭವವನ್ನು ನಂಬಿ ಕೂರಬೇಡಿ.

ಖಾಸಗಿ ಕಾಲೇಜುಗಳ ಸೀಟು ಹಂಚುವ ಕಾಮೆಡ್‌ಕೆ ಪ್ರಕ್ರಿಯೆ, ಮತ್ತು ಸುರತ್ಕಲ್‌ನ ಎನ್‌ಐಟಿಕೆ, ಧಾರವಾಡದ ಐಐಟಿಗಳಿಗೆ ಸೀಟು ಕೊಡುವ ಜೋಸಾ ಪ್ರಕ್ರಿಯೆ ಬೇರೆ ಬೇರೆ ವೇಳಾಪಟ್ಟಿಯಲ್ಲಿ ನಡೆಯುತ್ತವೆ. ಕೆಇಎ ಸೇರಿ ಮೂರರ ಕೊನೆಯ ದಿನಾಂಕಗಳನ್ನೂ ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಒಂದು ಕಡೆ ಮೂಲ ದಾಖಲೆ ಕೊಟ್ಟು ಇನ್ನೊಂದು ಕಡೆ ಸಿಕ್ಕಿಬೀಳುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ರದ್ದತಿಯ ಶುಲ್ಕ ಎಷ್ಟೆಂದು ಸೇರುವ ಮೊದಲೇ ಲಿಖಿತವಾಗಿ ಪಡೆಯಿರಿ.

ಹಂತ 8: ಸೇರಿದ ನಂತರ

ಬ್ರಾಂಚ್ ಬದಲಾವಣೆಯ ಭರವಸೆಯ ಮೇಲೆ ಯಾವ ಸೀಟನ್ನೂ ತೆಗೆದುಕೊಳ್ಳಬೇಡಿ. ಅದು ಖಾಲಿ ಸೀಟು ಮತ್ತು ಮೊದಲ ವರ್ಷದ ಅಂಕಗಳಿಗೆ ಕಟ್ಟುಬಿದ್ದಿರುತ್ತದೆ. ಇಂಟರ್ನ್‌ಶಿಪ್ಪನ್ನು ಪ್ರಮಾಣಪತ್ರ ಮಾರುವ ಸಂಸ್ಥೆಯಲ್ಲಿ ಮಾಡದೆ, ಚಿಕ್ಕದಾದರೂ ಕೆಲಸ ನಡೆಯುವ ಕಾರ್ಖಾನೆ, ಸೈಟು ಅಥವಾ ಕಚೇರಿಯಲ್ಲಿ ಮಾಡಿ. ಗೇಟ್ ಪರೀಕ್ಷೆಯನ್ನು ಮೂರನೆಯ ವರ್ಷದಲ್ಲಿರುವಾಗಲೇ ಬರೆಯಬಹುದು, ಅದರ ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ, ಎಂ.ಟೆಕ್. ಪ್ರವೇಶಕ್ಕೂ ಕೆಲವು ಸಾರ್ವಜನಿಕ ಉದ್ದಿಮೆಗಳ ನೇಮಕಾತಿಗೂ ಅದು ಬೇಕಾಗುತ್ತದೆ. ರಾಜ್ಯದ ಇಲಾಖೆಗಳ ಮತ್ತು ರಾಜ್ಯದ ವಿದ್ಯುತ್ ಪ್ರಸರಣ ನಿಗಮದ (ಕೆಪಿಟಿಸಿಎಲ್) ಸಹಾಯಕ ಎಂಜಿನಿಯರ್ ಹುದ್ದೆಗಳಿಗೆ ಪ್ರತಿ ವರ್ಷ ಅರ್ಜಿ ಕರೆಯುತ್ತಾರೆಂಬ ಖಾತ್ರಿಯಿಲ್ಲ. ಅದಕ್ಕೆ ತಯಾರಿ ನಡೆಸುವವರು ಪದವಿ ಮುಗಿದ ಮೇಲೆ ಸುಮ್ಮನೆ ಕೋಚಿಂಗ್ ಕೇಂದ್ರದಲ್ಲಿ ಕೂರದೆ, ತಮ್ಮ ಬ್ರಾಂಚಿನ ಯಾವುದಾದರೂ ಕೆಲಸದಲ್ಲಿದ್ದುಕೊಂಡೇ ಓದುವುದು ಒಳಿತು. ಹುದ್ದೆಗೆ ಕರೆ ಬರುವುದು ತಡವಾದರೂ ಆ ವರ್ಷಗಳು ಅನುಭವದ ಲೆಕ್ಕಕ್ಕೆ ಸೇರುತ್ತವೆ.